ಬೇಸ್‌ಬಾಲ್, ಕರವಸ್ತ್ರ, ನಮ್ಮ ಕೂಟದ ಪತ್ರಿಕೆ

ಎಲ್ಲರಿಗೂ ನಮಸ್ಕಾರ. ಅಮೆರಿಕದಿಂದ ರಜೆಗೆ ಬಂದಿದ್ದೇನೆ. ಬಂಗಾರಪೇಟೆಯಲ್ಲಿ ಅಪ್ಪನ ಮನೆಯ ಜಗಲಿ ಮೇಲೆ ಕೂತು ಬರೆಯುತ್ತಿದ್ದೇನೆ, ಮಧ್ಯೆ ಕರೆಂಟ್ ಹೋಗಿ ಬಂತು.

ಹೋದ ವಾರ ಗುಂಪಿನಲ್ಲಿ ನಡೆದ ಜಗಳವನ್ನೆಲ್ಲ ಓದಿದೆ. ಅಲ್ಲಿನ ನಮ್ಮ ಕನ್ನಡ ಕೂಟದ ಪತ್ರಿಕೆ ಪೂರ್ತಿ ಕನ್ನಡದಲ್ಲೇ ಇರಬೇಕಾ, ಮಕ್ಕಳಿಗೆ ಅಂತ ಇಂಗ್ಲಿಷ್ ಪುಟ ಹಾಕಬೇಕಾ? "ಇಂಗ್ಲಿಷ್ ಬಂದರೆ ನಾನು ಚಂದಾ ಕೊಡಲ್ಲ" ಎಂದ ಅಣ್ಣನಿಗೂ, "ಓದೋರೇ ಇಲ್ಲ, ನಿಲ್ಲಿಸಿಬಿಡಿ ಅಕ್ಕ" ಎಂದ ತಂಗಿಗೂ ಒಟ್ಟಿಗೇ ಉತ್ತರ ಕೊಡುತ್ತೇನೆ. ಆರು ವರ್ಷದಿಂದ ಸಂಪಾದಕಿ ಅನ್ನಿಸಿಕೊಂಡವಳು ನಾನು. ಬೈಗುಳದಲ್ಲಿ ಅರ್ಧ ಪಾಲು ನನ್ನದೇ.

ಮೊದಲ ನಾಲ್ಕು ವರ್ಷ ನಾನು ಏನು ಹಾಕಿದೆ ಅಂತ ನೆನಪಿದೆಯಲ್ವಾ? ಯುಗಾದಿ ಫೋಟೋ, ರಾಜ್ಯೋತ್ಸವದ ಫೋಟೋ, ಅಧ್ಯಕ್ಷರ ಸಂದೇಶ, ಊರಿನ ಮಳೆ ಬಗ್ಗೆ ಒಂದು ಕವನ, ಕೊನೆ ಪುಟದಲ್ಲಿ ಬಿಸಿಬೇಳೆ ಬಾತ್. ಚೆನ್ನಾಗಿಯೇ ಕಾಣುತ್ತಿತ್ತು. ಅದೇ ಹೊತ್ತಿಗೆ ನಮ್ಮಲ್ಲೇ ಒಬ್ಬರ ಅಮ್ಮ ಚಿಂತಾಮಣಿಯಿಂದ ಆರು ತಿಂಗಳಿಗೆ ಅಂತ ಬಂದರು. ಮೊದಲಿಂದ ಬಿಪಿ, ಶುಗರ್ ಇದ್ದ ಹೆಂಗಸು. ಆಸ್ಪತ್ರೆ ಸೇರಬೇಕಾಯಿತು. ಪ್ರವಾಸಿ ವಿಮೆ ಮಾಡಿಸಿದ್ದರು, ಆದರೆ ಮೊದಲೇ ಇದ್ದ ಕಾಯಿಲೆಗೆ ಅದು ಅನ್ವಯಿಸುವುದಿಲ್ಲ ಎಂದು ಕಂಪನಿ ಕೈ ಎತ್ತಿತು. ಸಣ್ಣಕ್ಷರದಲ್ಲಿ ಬರೆದಿತ್ತಂತೆ. ಆ ಸಂಗತಿ ಈ ಗುಂಪಿನಲ್ಲಿ ಎಷ್ಟೋ ಜನಕ್ಕೆ ಗೊತ್ತಿತ್ತು. ಬರೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಆ ತಿಂಗಳು ಯುಗಾದಿ ಫೋಟೋಕ್ಕೆ ಐದು ಪುಟ ಕೊಟ್ಟಿದ್ದೆ.

ಆಮೇಲೊಂದು ದಿನ ಅಮೆರಿಕದ ನಮ್ಮ ಊರಿನ ಲೈಬ್ರರಿಯ ಹಳೇ ಪುಸ್ತಕದ ಮಾರಾಟದಲ್ಲಿ ಅಬ್ರಹಾಂ ಕಹಾನ್ ಎಂಬಾತನ ಕಥೆ ಕಣ್ಣಿಗೆ ಬಿತ್ತು. ಈತ ಯಹೂದಿ, ಆಗ ರಷ್ಯಾದ ಕೈಲಿದ್ದ, ಈಗ ಲಿಥುವೇನಿಯಾಕ್ಕೆ ಸೇರಿದ ವಿಲ್ನಾ ಸೀಮೆಯವನು, ಹುಟ್ಟಿದ್ದು 1860ರಲ್ಲಿ. ಮೇಷ್ಟ್ರ ಕೆಲಸದಲ್ಲಿದ್ದ. ರಷ್ಯಾದ ಪೊಲೀಸರು ಹಿಂದೆ ಬಿದ್ದಾಗ ತಪ್ಪಿಸಿಕೊಂಡು 1882ರಲ್ಲಿ ಅಮೆರಿಕ ಸೇರಿದ. ಹಗಲು ಕಾರ್ಖಾನೆ ಕೆಲಸ, ರಾತ್ರಿ ವಲಸೆ ಬಂದವರಿಗೆ ಇಂಗ್ಲಿಷ್ ಪಾಠ. 1897ರಲ್ಲಿ ನ್ಯೂಯಾರ್ಕ್‌ನಲ್ಲಿ ಫಾರ್ವರ್ಡ್ ಎಂಬ ಯಿಡ್ಡಿಶ್ ಭಾಷೆಯ (ಪೂರ್ವ ಯುರೋಪಿನ ಯಹೂದಿಗಳ ಮನೆಮಾತು) ಪತ್ರಿಕೆ ಶುರುವಾದಾಗ ಅದಕ್ಕೆ ಸಂಪಾದಕನಾದ. ಜೊತೆಯವರ ಜೊತೆ ಜಗಳವಾಡಿ ಕೆಲವೇ ತಿಂಗಳಲ್ಲಿ ಬಿಟ್ಟ. (ಸಂಘಗಳ ಹಣೆಬರಹ ಎಲ್ಲ ಕಾಲದಲ್ಲೂ ಇಷ್ಟೇ ನೋಡಿ.) ಐದಾರು ವರ್ಷ ಇಂಗ್ಲಿಷ್ ಪತ್ರಿಕೆಗಳಿಗೆ ವರದಿ ಬರೆದು ಕಸುಬು ಕಲಿತ. 1903ರಲ್ಲಿ ಫಾರ್ವರ್ಡ್‌ಗೆ ವಾಪಸ್ ಬಂದವನು 40 ವರ್ಷಕ್ಕೂ ಜಾಸ್ತಿ ಅಲ್ಲೇ ಉಳಿದ.

ಅದು ಸಮಾಜವಾದಿಗಳ ಪತ್ರಿಕೆ. ಓದುಗರಲ್ಲಿ ಹೆಚ್ಚಿನವರು ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ಬೆನ್ನು ಮುರಿದುಕೊಳ್ಳುತ್ತಿದ್ದವರು. ಇವನು ಬಂದವನೇ ಪಂಡಿತರ ಭಾಷೆ ತೆಗೆದುಹಾಕಿದ. ಜನ ಮನೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೆ, ಬಾಯಿಗೆ ಹತ್ತಿದ ಇಂಗ್ಲಿಷ್ ಪದಗಳ ಸಮೇತ ಬರೆಸಿದ. ಮಕ್ಕಳ ಜೇಬಲ್ಲಿ ಒಂದು ಕರವಸ್ತ್ರ ಇಟ್ಟು ಸ್ಕೂಲಿಗೆ ಕಳಿಸಿ ಅಂತ ತಾಯಂದಿರಿಗೆ ಬರೆದ. ಸಮಾಜವಾದಿ ಪತ್ರಿಕೆಯಲ್ಲಿ ಮೂಗು ಒರೆಸೋ ವಿಷಯವಾ ಅಂತ ದೊಡ್ಡ ಮನುಷ್ಯರು ಮುನಿಸಿಕೊಂಡರು. ಸಮಾಜವಾದಕ್ಕೂ ಸ್ವಚ್ಛ ಮೂಗಿಗೂ ಯಾವಾಗಿಂದ ವೈರ ಅನ್ನೋ ಅರ್ಥದಲ್ಲಿ ಇವನು ತಿರುಗಿ ಕೇಳಿದ.

1906ರಲ್ಲಿ ಓದುಗರ ಪತ್ರಗಳ ಅಂಕಣ ಶುರು ಮಾಡಿದ. ಹೆಸರು 'ಬಿಂಟೆಲ್ ಬ್ರೀಫ್', ಅಂದರೆ ಪತ್ರಗಳ ಕಟ್ಟು. ಗಂಡ ಹೆಂಡಿರ ಜಗಳ, ಬಾಡಿಗೆ, ಊರಲ್ಲಿ ಬಿಟ್ಟು ಬಂದ ಅಪ್ಪ ಅಮ್ಮ, ಬೇರೆ ಧರ್ಮದ ಹುಡುಗಿಯನ್ನು ಇಷ್ಟಪಟ್ಟ ಮಗ, ಎಲ್ಲ ಅದರಲ್ಲೇ ಬರುತ್ತಿತ್ತು. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದ ಗಂಡಂದಿರ ಫೋಟೋಗಳನ್ನು ಸಾಲಾಗಿ ಅಚ್ಚು ಹಾಕುತ್ತಿದ್ದರು, ಕಂಡವರು ತಿಳಿಸಲಿ ಅಂತ. ನಮ್ಮ ಪತ್ರಿಕೆಯಲ್ಲಿ ಈ ಪುಟ ಶುರು ಮಾಡಿದರೆ ಫೋಟೋ ಕಳಿಸೋರು ಕಡಿಮೆಯಿಲ್ಲ ಅಂತ ನಮ್ಮ ಯಜಮಾನರು ಹೇಳಿದರು. ನಾನು ನಗಲಿಲ್ಲ.

ನನಗೆ ನಾಟಿದ್ದು ಮಾತ್ರ ಬೇಸ್‌ಬಾಲ್ ಪತ್ರ. 1903ರಲ್ಲಿ ಒಬ್ಬ ತಂದೆ ಬರೆದ: ಚೆಸ್ ಆಡಲಿ, ಒಪ್ಪುತ್ತೇನೆ, ದೊಡ್ಡ ಗಂಡಸರು ಮೈದಾನದಲ್ಲಿ ಚೆಂಡಿನ ಹಿಂದೆ ಓಡೋ ಈ ಹುಚ್ಚಾಟ ನನ್ನ ಮಗನಿಗೆ ಯಾಕೆ? ಕಹಾನ್ ಕೊಟ್ಟ ಉತ್ತರದ ಸಾರ ಇಷ್ಟು: ಓದಿಗೆ ಅಡ್ಡಿಯಾಗದಿದ್ದರೆ ಹುಡುಗ ಆಡಲಿ, ಚೆನ್ನಾಗಿ ಆಡಲಿ; ತಾವು ಹುಟ್ಟಿದ ನೆಲದಲ್ಲೇ ಮಕ್ಕಳು ಹೊರಗಿನವರಾಗಿ ಬೆಳೆಯುವಂತೆ ಮಾಡಬೇಡಿ. 1909ರಲ್ಲಿ ಮೈದಾನದ ಚಿತ್ರ ಹಾಕಿ, ಆಟದ ನಿಯಮಗಳನ್ನು ಯಿಡ್ಡಿಶ್‌ನಲ್ಲಿ ಬಿಡಿಸಿ ಹೇಳುವ ಲೇಖನವನ್ನೂ ಪತ್ರಿಕೆ ಪ್ರಕಟಿಸಿತು. ಅಪ್ಪಂದಿರಿಗೆ ಅರ್ಥವಾಗಲಿ ಅಂತ.

ಈಗ ಕಹಿ ಭಾಗ. 1920ರ ದಶಕದಲ್ಲಿ ಆ ಪತ್ರಿಕೆಯ ಪ್ರಸಾರ 2 ಲಕ್ಷ ದಾಟಿತ್ತು. ಬೇಸ್‌ಬಾಲ್ ಆಡಿದ ಹುಡುಗರು ಬೆಳೆದರು, ಇಂಗ್ಲಿಷ್ ಪೇಪರ್ ಹಿಡಿದರು. 1983ರಲ್ಲಿ ಯಿಡ್ಡಿಶ್ ದಿನಪತ್ರಿಕೆ ವಾರಪತ್ರಿಕೆಯಾಯಿತು. 1990ರಲ್ಲಿ ಇಂಗ್ಲಿಷ್ ವಾರಪತ್ರಿಕೆ ಬಂತು. 2019ರಲ್ಲಿ ಅಚ್ಚು ನಿಂತು, ಈಗ ಎರಡೂ ಭಾಷೆಯಲ್ಲಿ ಇಂಟರ್‌ನೆಟ್ಟಿನಲ್ಲೇ ಬರುತ್ತಿದೆ. ಕೆಲಸ ಚೆನ್ನಾಗಿ ಮಾಡಿದ್ದಕ್ಕೇ ಓದುಗರನ್ನು ಕಳೆದುಕೊಂಡ ಪತ್ರಿಕೆ ಅದು.

"ನೋಡಿ, ಅದಕ್ಕೇ ಹೇಳಿದ್ದು" ಅಂತ ಅಣ್ಣ ಈಗ ಬರೆಯುತ್ತಾರೆ, ಗೊತ್ತು. ಸ್ವಲ್ಪ ತಡೀರಿ.

ಮೊನ್ನೆ ಮಗನನ್ನು ಕರೆದುಕೊಂಡು ಮಾರಿಕುಪ್ಪಂ ರೈಲು ಹತ್ತಿದೆ. ಕೆಜಿಎಫ್‌ನ ಸಯನೈಡ್ ದಿಬ್ಬಗಳನ್ನು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳನ್ನು, ತೋರಿಸೋಣ ಅಂತ. ಸಿನಿಮಾದ ಹೆಸರು ಕೇಳಿ ಕುಣಿದುಕೊಂಡು ಬಂದವನಿಗೆ ಬೂದು ಮಣ್ಣಿನ ಗುಡ್ಡ ನೋಡಿ ನಿರಾಸೆಯಾಯಿತು. ರೈಲಿನ ತುಂಬ ತಮಿಳು. "ಅಮ್ಮಾ, ಇದು ಕರ್ನಾಟಕ ತಾನೆ?" ಎಂದ. ಅವನಿಗೆ ಕಥೆ ಹೇಳಬೇಕಾಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನದ ಗಣಿ ಕೆಲಸ ಕೈಗೆತ್ತಿಕೊಂಡಿತು. ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಸಾವಿರಾರು ಜನ ಬಂದರು, ಅವರಲ್ಲಿ ಬಹಳ ಮಂದಿ ದಲಿತರು. ಅವರಿಗೂ ಒಂದು ಪತ್ರಿಕೆಯಿತ್ತು. 1907ರಲ್ಲಿ ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರು ಮದರಾಸಿನಲ್ಲಿ 'ಒರು ಪೈಸಾ ತಮಿಳನ್' ಶುರು ಮಾಡಿದರು, ಬೆಲೆಯೇ ಹೆಸರು. ಒಂದೇ ವರ್ಷಕ್ಕೆ ಓದುಗರ ಮಾತಿಗೆ ಬೆಲೆ ಕೊಟ್ಟು ಹೆಸರನ್ನು 'ತಮಿಳನ್' ಅಂತ ಬದಲಿಸಿದರು. ಅದಕ್ಕೆ ಕೆಜಿಎಫ್‌ನಲ್ಲಿ ಗಟ್ಟಿ ಬೆಂಬಲವಿತ್ತು. ಪಂಡಿತರು 1914ರಲ್ಲಿ ತೀರಿಕೊಂಡ ಮೇಲೆ, ಮುಂದೆ ಅದನ್ನು ಕೆಜಿಎಫ್‌ನಿಂದಲೇ ನಡೆಸಿದವರಿದ್ದಾರೆ. ಗಣಿಯೊಳಗೆ ಇಳಿದು ಹತ್ತಿ ಬಂದ ಜನ ಪೈಸೆ ಕೊಟ್ಟು ಪತ್ರಿಕೆ ಕೊಂಡು, ಓದು ಬಾರದವರಿಗೆ ಓದಿ ಹೇಳುವುದನ್ನು ಕಲ್ಪಿಸಿಕೊಳ್ಳಿ. ನಾವು ವರ್ಷಕ್ಕೆ 20 ಡಾಲರ್ ಚಂದಾಕ್ಕೆ ನಾಲ್ಕು ಸಲ ನೆನಪಿಸಬೇಕು.

2001ರಲ್ಲಿ ಗಣಿ ಮುಚ್ಚಿತು. ತಮಿಳು ಇನ್ನೂ ಇದೆ. ಯಾಕೆ ಉಳಿಯಿತು? ಸಾಲುಮನೆಗಳಲ್ಲಿ ಗೋಡೆಗೆ ಗೋಡೆ ತಾಗಿ ಬದುಕಿದರು, ಅದಕ್ಕೆ. ಪಕ್ಕದ ಮನೆಯ ಮಗುವೂ ಅದೇ ಮಾತಾಡುತ್ತಿತ್ತು. ನಮ್ಮದು ಹಾಗಲ್ಲ. ನಮ್ಮ ಮನೆಯಿಂದ ಹತ್ತಿರದ ಕನ್ನಡದ ಮನೆಗೆ ಕಾರಲ್ಲಿ 25 ನಿಮಿಷ. ಹಾಗಾಗಿ ನಮ್ಮ ಪಾಡು ಕಹಾನ್‌ನ ಓದುಗರ ಪಾಡಿಗೇ ಹತ್ತಿರ. ಪತ್ರಿಕೆಯೊಂದೇ ಭಾಷೆ ಉಳಿಸುತ್ತೆ ಅಂತ ನಾನು ನಂಬುವುದಿಲ್ಲ. ಅದು ಮಾಡುವ ಕೆಲಸ ಬೇರೆ: ಬಂದ ಕಡೆ ಬದುಕೋಕೆ ನೆರವಾಗೋದು.

ಇನ್ನು ಶುದ್ಧ ಕನ್ನಡದ ಮಾತು. ಅಣ್ಣ, ನೀವು ಧಾರವಾಡದವರು, ಕೋಪ ಮಾಡ್ಕೋಬೇಡಿ. ನಮ್ಮ ಕೋಲಾರದ ಕಡೆ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೆಯಲ್ಲಿ ಮೂರೂ. ನಾನು ಅಪ್ಪನ ಹತ್ತಿರ ತೆಲುಗಲ್ಲೇ ಮಾತಾಡೋದು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಕನ್ನಡಕ್ಕೆ 1983ರ ಜ್ಞಾನಪೀಠ ತಂದವರು ಅವರೇ. ಮುಳಬಾಗಿಲಿನ ಡಿ.ವಿ.ಜಿ. ಮೆಟ್ರಿಕ್ ಪಾಸಾಗದೆ ಪತ್ರಿಕಾ ಕೆಲಸಕ್ಕೆ ಬಿದ್ದವರು. 1910ರ ದಶಕದಲ್ಲಿ ಅವರು 'ಕರ್ನಾಟಕ' ಅಂತ ಹೆಸರಿಟ್ಟು ನಡೆಸಿದ ಪತ್ರಿಕೆ ಇಂಗ್ಲಿಷಿನದು! ಅದಕ್ಕಾಗಿ ಅವರಿಗೆ ಯಾರೂ ಚಂದಾ ನಿಲ್ಲಿಸಿರಲಾರರು, ನಿಲ್ಲಿಸಿದವರಿದ್ದರೆ ಅಂಥವರಿಗೆ ಡಿ.ವಿ.ಜಿ.ಯವರ ಕಗ್ಗ ಓದುವ ಹಕ್ಕಿಲ್ಲ.

ಎರಡು ವರ್ಷದಿಂದ ನಾನು ಪುಟಗಳನ್ನು ಬದಲಿಸುತ್ತಾ ಬಂದಿರುವುದು ಕಹಾನ್ ಕಥೆ ಓದಿದ್ದಕ್ಕೇ. ವಿಮೆಯ ಸಣ್ಣಕ್ಷರದ ಬಗ್ಗೆ ಬರೆಸಿದೆ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಓಸಿಐ ಕಾರ್ಡಿನ ಬಗ್ಗೆ ಬರೆಸಿದೆ: 20 ವರ್ಷಕ್ಕೆ ಮುಂಚೆ ಕಾರ್ಡ್ ಪಡೆದ ಮಕ್ಕಳು, 20 ತುಂಬಿದ ಮೇಲೆ ಹೊಸ ಪಾಸ್‌ಪೋರ್ಟ್ ಮಾಡಿಸಿದಾಗ ಒಂದು ಸಲ ಕಾರ್ಡನ್ನೂ ಹೊಸದಾಗಿ ಮಾಡಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಟಿಕೆಟ್ ತೆಗೆದು ಪರದಾಡಿದ ಮೂರು ಮನೆ ನನಗೆ ಗೊತ್ತು. ಆ ಸಂಚಿಕೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡವರಿದ್ದಾರೆ. ನನ್ನ ಯಾವ ಯುಗಾದಿ ವಿಶೇಷಾಂಕಕ್ಕೂ ಆ ಮರ್ಯಾದೆ ಸಿಕ್ಕಿರಲಿಲ್ಲ.

ಪತ್ರಗಳ ಪುಟವೂ ಶುರುವಾಗಿದೆ. ಮೊದಲ ಸಲ ಬಂದದ್ದು ಮೂರೇ ಪತ್ರ. ಒಂದು ಎಚ್-4, ಅಂದರೆ ಗಂಡನ ಕೆಲಸದ ವೀಸಾದ ಜೊತೆ ಸಿಗುವ ವೀಸಾದಲ್ಲಿ ಬಂದು ಮನೆಯಲ್ಲೇ ಕೂತ ಒಬ್ಬಾಕೆಯದು, ಹೆಸರಿಲ್ಲದೆ. ಊರಲ್ಲಿ ಎಂಟು ವರ್ಷ ಮೇಷ್ಟ್ರಾಗಿದ್ದವಳು. "ಹಬ್ಬಕ್ಕೆ ಬಂದಾಗ ಎಲ್ಲರೂ ಮಕ್ಕಳ ಬಗ್ಗೆ ಕೇಳುತ್ತಾರೆ, ನನ್ನ ಬಗ್ಗೆ ಕೇಳುವುದಿಲ್ಲ" ಅಂತ ಬರೆದಿದ್ದರು. ಸಲಹೆ ಏನೂ ಹೊಳೆಯದೆ ಪತ್ರವನ್ನು ಹಾಗೇ ಹಾಕಿದೆ. ಮುಂದಿನ ತಿಂಗಳು ಅವರಿಗೆ ಅಂತ 11 ಉತ್ತರ ಬಂದವು. ನಮ್ಮ ಭಾನುವಾರದ ಕನ್ನಡ ತರಗತಿಗೆ ಈಗ ಪಾಠ ಹೇಳುತ್ತಿರುವವರು ಆ ಉತ್ತರ ಬರೆದವರಲ್ಲಿ ಇಬ್ಬರು. ಪತ್ರ ಬರೆದಾಕೆಯೂ ಅವರ ಜೊತೆ ಇದ್ದಾರೆ. ಯಾರು ಅಂತ ಊಹಿಸಬೇಡಿ.

ಆದ್ದರಿಂದ ತಂಗಿ, ಪತ್ರಿಕೆ ನಿಲ್ಲಿಸಲ್ಲ. ಅಣ್ಣ, ಮಕ್ಕಳ ಇಂಗ್ಲಿಷ್ ಪುಟ ಮುಂದಿನ ಸಂಚಿಕೆಯಿಂದ ಬರುತ್ತೆ. ಒಂದೇ ಪುಟ. ಮಿಕ್ಕಿದ್ದೆಲ್ಲ ಕನ್ನಡವೇ, ತೆಲುಗು ಬೆರೆತ ನನ್ನ ಕನ್ನಡ.

ಮೊದಲ ಪುಟಕ್ಕೆ ಬರೆಯುತ್ತಿರುವುದು ನನ್ನ ಮಗ. ಅವನಿಗೆ 14 ವರ್ಷ, ಸ್ಕೂಲ್ ತಂಡದಲ್ಲಿ ಬೇಸ್‌ಬಾಲ್ ಆಡುತ್ತಾನೆ. ನನ್ನ ಅಪ್ಪನಿಗೆ ಇದು ಸುತರಾಂ ಹಿಡಿಸಿಲ್ಲ. "ಅಷ್ಟು ದೂರ ಹೋಗಿ ದೊಣ್ಣೆ ಬೀಸೋದು ಕಲಿಸಿದ್ದೀಯಾ?" ಅಂತ ನನ್ನನ್ನೇ ಕೇಳುತ್ತಾರೆ. ನಿನ್ನೆ ಸಂಜೆ ಇವನು ತಾತನ ಪಕ್ಕ ಕೂತು ಹಳೇ ಕ್ಯಾಲೆಂಡರ್ ಹಿಂದೆ ಮೈದಾನದ ಚಿತ್ರ ಬರೆದ. ಮೂರು ಬೇಸು, ಒಂದು ಪ್ಲೇಟು. ಅರ್ಧ ಕನ್ನಡ, ಅರ್ಧ ಕೈಸನ್ನೆ. ಮೂರು ಸಲ ತಪ್ಪಿದರೆ ಔಟ್ ಅಂದ. ಅಪ್ಪ ಕನ್ನಡಕ ಹಾಕಿಕೊಂಡು ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಂಪೈರ್ ಎಲ್ಲಿ ನಿಲ್ಲೋದು ಅಂತ ಕೇಳಿದರು. ತುಂಬ ಹೊತ್ತು ಸುಮ್ಮನಿದ್ದು, "ಸರಿ ಕಣೋ, ಆದರೆ ಚೆಂಡು ಕಾಲಿಗೆ ಬಿದ್ದರೆ ಎಲ್‌ಬಿಡಬ್ಲ್ಯೂ ಇಲ್ವಾ?" ಎಂದರು.