ಸಹಾಯ ಬೇಕು: ಮೈಕ್ರೋಸ್ಕೋಪಿಗೆ ಕ್ಯಾರೆಟ್ ತೆಳ್ಳಗೆ ಕತ್ತರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಹತ್ತಿರ ಹಳ್ಳಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮಲ್ಲಿರುವುದು 100 ಪಟ್ಟು ದೊಡ್ಡದಾಗಿ ತೋರಿಸುವ ಹಳೇ ಮೈಕ್ರೋಸ್ಕೋಪು.

ಈ ಕಡೆ ಈರುಳ್ಳಿ ಜಾಸ್ತಿ ಅಲ್ವಾ, ಅದರಿಂದಲೇ ಶುರು ಮಾಡಿದೆವು. ಕೆಂಪು ಈರುಳ್ಳಿಯ ಹೊರಮೈಯ ಪೊರೆ ಸುಲಿದು, ಒಂದು ಹನಿ ನೀರಲ್ಲಿ ಇಟ್ಟು ನೋಡಿದರೆ ಜೀವಕೋಶಗಳು ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲು, ಒಳಗೆಲ್ಲ ನೇರಳೆ ಬಣ್ಣ. ಪಕ್ಕದಲ್ಲಿ ಉಪ್ಪುನೀರು ಬಿಟ್ಟೆವು. ಸ್ವಲ್ಪ ಹೊತ್ತಿಗೆ ಆ ಬಣ್ಣ ಗೋಡೆ ಬಿಟ್ಟು ನಡುವಿಗೆ ಮುದುಡಿಕೊಂಡಿತು! ಮಕ್ಕಳು ಕಣ್ಣು ತೆಗೆಯಲೇ ಇಲ್ಲ. ಆಲೂಗಡ್ಡೆ ಕೆರೆದು ಅಯೋಡಿನ್ ಹಾಕಿದಾಗ ಪಿಷ್ಟದ ಕಣಗಳು ಕಡುನೀಲಿಯಾದವು. ಅದೂ ಸುಲಭ.

ಕಷ್ಟ ಆಗಿರುವುದು ಕ್ಯಾರೆಟ್ಟಿನದು. ಅದರ ಕಿತ್ತಳೆ ಬಣ್ಣ ಎಲ್ಲಿ ಕೂತಿದೆ ಅಂತ ಮಕ್ಕಳಿಗೆ ತೋರಿಸಬೇಕು. ಬ್ಲೇಡಿನಿಂದ ಎಷ್ಟು ಕತ್ತರಿಸಿದರೂ ದಪ್ಪ ಬರುತ್ತೆ, ಬೆಳಕೇ ದಾಟಲ್ಲ. ತೆಳ್ಳಗೆ ಕತ್ತರಿಸುವ ಉಪಾಯ ಗೊತ್ತಿದ್ದವರು ದಯವಿಟ್ಟು ಹೇಳಿ.

ಇನ್ನೊಂದು, ಕವರ್ ಸ್ಲಿಪ್ (ನೋಡುವ ವಸ್ತುವಿನ ಮೇಲೆ ಮುಚ್ಚುವ ತೆಳು ಗಾಜು) ಖಾಲಿಯಾಗಿದೆ. ಚಿತ್ರದುರ್ಗ ಅಥವಾ ದಾವಣಗೆರೆಯಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತೆ? ಶನಿವಾರದೊಳಗೆ ಗೊತ್ತಾದರೆ ನಾನೇ ಹೋಗಿ ತರುತ್ತೇನೆ.