ಪದಚರ್ಚೆ: ‘ಥೈರಾಯಿಡ್ ನಿಯಂತ್ರಕ’ವೋ, ‘ಥೈರಾಯಿಡ್ ಪ್ರಚೋದಕ’ವೋ?

ಶಿರಸಿಯಿಂದ:

ಮಾನ್ಯರೇ, ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಫಲಕವೊಂದನ್ನು ಬರೆಯುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ ಅದು ಮುದ್ರಣಕ್ಕೆ ಹೋಗಬೇಕು. ‘ಬೆಳೆಯುತ್ತಿರುವ ಕಪ್ಪೆಗಳಲ್ಲಿ ಥೈರಾಯಿಡ್ ನಿಯಂತ್ರಕ ಹಾರ್ಮೋನುಗಳ ಮಾಪನ’ ಎಂಬುದು ಸದ್ಯದ ಶೀರ್ಷಿಕೆ. ಕರಡು ಓದಿದ ವಿದ್ಯಾರ್ಥಿನಿಯೊಬ್ಬಳು, ‘ಇದು ಥೈರಾಯಿಡ್ ಜಾಸ್ತಿಯಾಗದಂತೆ ತಡೆಯುವ ಹಾರ್ಮೋನೇ, ಸರ್?’ ಎಂದು ಕೇಳಿದಳು. ನಾನು ಹೇಳಹೊರಟದ್ದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬಂದು ಥೈರಾಯಿಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಬಗ್ಗೆ. ‘ನಿಯಂತ್ರಕ’ವನ್ನು ಉಳಿಸಿಕೊಳ್ಳಬಹುದೇ?

ಕಾರವಾರದಿಂದ:

‘ನಿಯಂತ್ರಕ’ವೂ ಬೇಡ, ‘ಥೈರಾಯಿಡ್’ ಕೂಡ ಬೇಡ. ಗ್ರೀಕಿನಲ್ಲಿ ‘ಥುರೆಓಸ್’ ಎಂದರೆ ದೊಡ್ಡ ಗುರಾಣಿ, ಅದರ ಮೂಲ ಬಾಗಿಲು ಎಂಬರ್ಥದ ‘ಥುರ’. 1656ರಲ್ಲಿ ಥಾಮಸ್ ವಾರ್ಟನ್ ಈ ಗ್ರಂಥಿಗೆ ಹೆಸರಿಟ್ಟದ್ದು ಅದರ ಪಕ್ಕದ ಗುರಾಣಿಯಾಕಾರದ ಮೃದ್ವಸ್ಥಿಯಿಂದ. ‘ಗುರಾಣಿಕ’ ಎಂಬ ಪದ ನಮ್ಮಲ್ಲಿ ಬಳಕೆಗೆ ಬಂದಿದೆಯಾದ್ದರಿಂದ ಹಾರ್ಮೋನನ್ನು ರಸದೂತವೆಂದು ಕರೆದು ‘ಗುರಾಣಿಕ ಪ್ರಚೋದಕ ರಸದೂತ’ ಎಂದು ಬರೆಯಿರಿ. ಹೀಗೆ ಸಾಲ ತರುತ್ತಲೇ ಹೋದರೆ ವಾಕ್ಯದಲ್ಲಿ ಕನ್ನಡದ ಪಾಲಿಗೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಕುಮಟೆಯಿಂದ:

‘ಗುರಾಣಿಕ’ವನ್ನು ನಾನು ಒಪ್ಪುವುದಿಲ್ಲ. ಕಪ್ಪೆಯ ಥೈರಾಯಿಡ್ ಎಂದರೆ ಗಂಟಲ ತಳದ ಎರಡು ಪಕ್ಕಗಳಲ್ಲಿ ಬೇರೆಬೇರೆಯಾಗಿ ಕುಳಿತ ಎರಡು ಪುಟ್ಟ ಮುದ್ದೆಗಳು. ಅಲ್ಲಿ ಗುರಾಣಿ ಎಲ್ಲಿಂದ ಬಂತು? ‘ಥೈರಾಯಿಡ್’ ಎಂದಾಗ ಯಾರ ಕಣ್ಣಿಗೂ ಗುರಾಣಿ ಕಟ್ಟುವುದಿಲ್ಲ, ‘ಗುರಾಣಿಕ’ ಎಂದಾಗ ಕಟ್ಟಿಯೇ ಕಟ್ಟುತ್ತದೆ. ಇಲ್ಲಿನ ಔಷಧದಂಗಡಿಯಲ್ಲಿ ಚೀಟಿ ಹಿಡಿದು ನಿಂತ ಅಜ್ಜಿಯೂ ‘ಥೈರಾಯಿಡ್ ಗುಳಿಗೆ’ ಎಂದೇ ಕೇಳುತ್ತಾಳೆ. ಸಾಲ ಒಂದೇ ಕಡೆಯಿಂದ ಬರುವುದೂ ಅಲ್ಲ. ನಮ್ಮ ಜಿಲ್ಲೆಯ ಕತ್ತಲೆಕಾನಿನಲ್ಲಿ ಮೊಟ್ಟೆಗಳಿಗೆ ಕೆಸರು ಮೆತ್ತುವ ಇರುಳುಗಪ್ಪೆಗೆ 2014ರಲ್ಲಿ ವೈಜ್ಞಾನಿಕ ಹೆಸರಿಟ್ಟವರು ‘ಕುಂಬಾರ’ ಎಂಬುದನ್ನು ಇದ್ದ ಹಾಗೆಯೇ ಎತ್ತಿಕೊಂಡಿದ್ದಾರೆ.

‘ನಿಯಂತ್ರಕ’ದ ತೊಡಕು ಬೇರೆ. ಸಮಾಸದಲ್ಲಿ ವಿಭಕ್ತಿ ಲೋಪವಾಗುವುದರಿಂದ ಥೈರಾಯಿಡ್ ನಿಯಂತ್ರಿಸುತ್ತದೆಯೋ, ನಿಯಂತ್ರಣಕ್ಕೆ ಒಳಗಾಗುತ್ತದೆಯೋ ತಿಳಿಯುವುದಿಲ್ಲ. ಗೊದಮೊಟ್ಟೆಯ ವಿಷಯದಲ್ಲಿ ಈ ದಿಕ್ಕೇ ಮುಖ್ಯ: ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಸ್ರವಿಸುವ ಹಾರ್ಮೋನಾದ ಸಿಆರ್‌ಎಫ್ ಪಿಟ್ಯುಟರಿಯಿಂದ ಟಿಎಸ್‌ಎಚ್ ಹೊರಡಿಸುತ್ತದೆ, ಟಿಎಸ್‌ಎಚ್ ಥೈರಾಯಿಡ್‌ನಿಂದ ಟಿ4 ಹೊರಡಿಸುತ್ತದೆ, ಆ ಟಿ4 ಅಂಗಾಂಶಗಳಲ್ಲಿ ಒಂದು ಅಯೋಡಿನ್ ಕಳಚಿಕೊಂಡು ಟಿ3 ಆದ ಮೇಲೆ ಕಾಲು ಬೆಳೆಯುತ್ತದೆ, ಬಾಲ ಕರಗುತ್ತದೆ. ಟಿ4, ಟಿ3 ಎರಡೂ ‘ಥೈರಾಯಿಡ್ ಹಾರ್ಮೋನು’ಗಳು, ಟಿಎಸ್‌ಎಚ್ ‘ಥೈರಾಯಿಡ್ ಪ್ರಚೋದಕ ಹಾರ್ಮೋನು’. ‘ಪ್ರಚೋದನೆ’ಗೆ ಪತ್ರಿಕೆಗಳಲ್ಲಿ ಕೆರಳಿಸುವ ಅರ್ಥ ಅಂಟಿಕೊಂಡಿದೆ, ನಿಜ, ಆದರೂ ಪಠ್ಯಪುಸ್ತಕದ ಮಕ್ಕಳಿಗೆ ಪರಿಚಯವಿರುವ ಪದ ಅದೇ.

ಇನ್ನೊಂದು ಮಾತು. ‘ಬೆಳೆಯುತ್ತಿರುವ ಕಪ್ಪೆ’ ಎಂದರೆ ಮರಿಕಪ್ಪೆ ದೊಡ್ಡದಾಗುತ್ತಿದೆ ಎಂದಾಗುತ್ತದೆ. ‘ಗೊದಮೊಟ್ಟೆ’ ಎಂಬ ಅಚ್ಚಗನ್ನಡ ಪದವಿರುವಾಗ ಅದನ್ನು ಬಿಟ್ಟದ್ದೇಕೆ?

ಕಾರವಾರದಿಂದ:

ಅಜ್ಜಿಯ ಚೀಟಿ ಶಾಸ್ತ್ರಕ್ಕೆ ಪ್ರಮಾಣವಲ್ಲ. ‘ಗೊದಮೊಟ್ಟೆ’ಯನ್ನು ಒಪ್ಪುತ್ತೇನೆ. ‘ಮಾಪನ’ವನ್ನೂ ಬಿಡಿ, ಅಕ್ಕಿಯನ್ನು ಪಾವಿನಲ್ಲಿ ಅಳೆಯುವ ನಾಡಿಗೆ ‘ಅಳೆ’ ಸಾಕು.

ಶಿರಸಿಯಿಂದ:

ಇಬ್ಬರಿಗೂ ಕೃತಜ್ಞತೆಗಳು. ‘ಗೊದಮೊಟ್ಟೆಗಳಲ್ಲಿ ಥೈರಾಯಿಡ್ ಪ್ರಚೋದಕ ಹಾರ್ಮೋನನ್ನು ಅಳೆಯುವ ಬಗೆ’ ಎಂದು ತಿದ್ದಿದ್ದೇನೆ. ಕೆಳಗಿನ ಸಾಲು ಹೀಗಿದೆ: ‘ಒಂದು ಗೊದಮೊಟ್ಟೆಯಲ್ಲಿ ಸಿಗುವ ರಕ್ತ ತೀರ ಕಡಿಮೆಯಾದ್ದರಿಂದ ಹಲವುಗಳ ರಕ್ತವನ್ನು ಕೂಡಿಸಿ, ಕಪ್ಪೆಯ ಟಿಎಸ್‌ಎಚ್ ಅನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯದ ನೆರವಿನಿಂದ ಅಳೆಯುತ್ತಾರೆ.’ ಇದರಲ್ಲಿ ‘ಪ್ರತಿಕಾಯ’ಕ್ಕೆ ಆಕ್ಷೇಪವಿದ್ದವರು ಗುರುವಾರ ಸಂಜೆಯೊಳಗೆ ತಿಳಿಸಬೇಕಾಗಿ ವಿನಂತಿ.