ಕಾರವಾರದಲ್ಲಿ ಮುಯ್ ಥಾಯ್ ಶುರು ಮಾಡುವವರು ಮೊದಲು ಎಂತ ತಗೊಳ್ಳಬೇಕು?

ಕೋಡಿಬಾಗ: ಹತ್ತಿರದ ಜಿಮ್ಮಲ್ಲಿ ವಾರಕ್ಕೆ ಮೂರು ದಿನ ಮುಯ್ ಥಾಯ್ (ಥಾಯ್ಲೆಂಡಿನ ಹೊಡೆದಾಟದ ಕಲೆ) ಕ್ಲಾಸಿದೆ, ಜೂನಿಗೆ ಸೇರುವವ. ಗ್ಲೌಸು, ಶಿನ್ (ಮೊಣಕಾಲ ಕೆಳಗಿನ ಮುಂಭಾಗ) ಗಾರ್ಡು, ಶಾರ್ಟ್ಸು ಎಲ್ಲ ಮೊದಲೇ ಬೇಕಾ? ಶಿನ್ ಗಟ್ಟಿಯಾಗ್ಲಿಕ್ಕೆ ಮನೆಯಲ್ಲಿ ಗಾಜಿನ ಬಾಟಲಿ ಉರುಳಿಸು ಅಂತಾರೆ, ಹೌದಾ?

ಪ್ಯಾಡ್ ಹಿಡಿಯುವವ: ಮೊದಲ ತಿಂಗಳಿಗೆ ಎರಡೇ ಸಾಮಾನು. ಕೈಗೆ ಸುತ್ತುವ 4.5 ಮೀಟರಿನ ಬಟ್ಟೆ ಪಟ್ಟಿ, ಅಂದರೆ ಹ್ಯಾಂಡ್ ರ‍್ಯಾಪ್ ಎರಡು ಜೊತೆ (ಮಳೆಗಾಲದಲ್ಲಿ ಒಂದು ಒಣಗುವುದರೊಳಗೆ ಇನ್ನೊಂದು ಬೇಕೇ ಬೇಕು), ಮತ್ತೆ 12 ಔನ್ಸಿನ ಗ್ಲೌಸು. ಗ್ಲೌಸನ್ನು ರ‍್ಯಾಪ್ ಸುತ್ತಿಕೊಂಡೇ ಹಾಕಿ ನೋಡಿ. ಬರಿಗೈಗೆ ಸರಿ ಕೂತದ್ದು ರ‍್ಯಾಪ್ ಸುತ್ತಿದ ಕೈಗೆ ಬಿಗಿಯಾಗ್ತದೆ.

ಸುತ್ತುವಾಗ ಬೆರಳು ಅಗಲ ಬಿಡಿಸಿಕೊಳ್ಳಿ. ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು, ಬೆರಳ ಸಂದಿಯಲ್ಲಿ ಹಾಯಿಸಿ ಉಳಿದದ್ದೆಲ್ಲ ಮತ್ತೆ ಮಣಿಕಟ್ಟಿಗೆ. ಹೊಸಬರು ಬಟ್ಟೆಯನ್ನೆಲ್ಲ ಗೆಣ್ಣಿಗೇ ಖರ್ಚು ಮಾಡ್ತಾರೆ. ಆಮೇಲೆ ಹುಕ್ (ಬದಿಯಿಂದ ಬೀಸುವ ಗುದ್ದು) ಹೊಡೆದಾಗ ಮಣಿಕಟ್ಟು ಮಡಚಿಕೊಳ್ತದೆ. ಬೆರಳ ತುದಿ ಜುಮ್ ಅಂದರೆ ಬಿಚ್ಚಿ ಮತ್ತೆ ಸುತ್ತಿ.

ಶಿರಸಿ ಘಟ್ಟ: 12 ಎಂತಕ್ಕೆ? 16 ತಗೊಂಡರೆ ಸ್ಪಾರಿಂಗಿಗೂ (ಜೊತೆಯವರೊಟ್ಟಿಗೆ ಹೊಡೆದಾಡುವ ಅಭ್ಯಾಸ) ಆಯ್ತು. ಎರಡೆರಡು ಜೊತೆಗೆ ದುಡ್ಡು ಹಾಕುವುದು ದಂಡ.

ಪ್ಯಾಡ್ ಹಿಡಿಯುವವ: ಜಿಮ್ಮಲ್ಲಿ ನೇತುಹಾಕಿದ ಬ್ಯಾಗಿಗೆ ದಿನಾ ಹೊಡೆದ ಗ್ಲೌಸಿನ ಒಳಗಿನ ಸ್ಪಂಜು ಗೆಣ್ಣಿನ ಜಾಗದಲ್ಲಿ ಚಪ್ಪಟೆಯಾಗಿರ್ತದೆ. ಹೊರಗಿಂದ 16 ಔನ್ಸೇ, ಆದರೆ ಪೆಟ್ಟು ತಿನ್ನುವವನ ಮುಖಕ್ಕೆ ಹಾಗಲ್ಲ ಮಾರಾಯ್ರೆ. ಸ್ಪಾರಿಂಗ್ ಗ್ಲೌಸು ಬೇರೆಯೇ ಇರಲಿ, ಅದೂ ಅವಸರವಿಲ್ಲ.

ಕುಮಟಾ ಫಿಸಿಯೋ: ಬಾಟಲಿ ವಿಷಯಕ್ಕೆ: ಬೇಡ. ಅಲ್ಲಿ ಎಲುಬಿನ ಮೇಲೆ ಚರ್ಮ, ಪೊರೆ ಬಿಟ್ಟರೆ ಮತ್ತೇನಿಲ್ಲ. ಉರುಳಿಸಿದರೆ ಅವೆರಡು ಬಾತುಕೊಳ್ತವೆ, ಎಲುಬು ಇದ್ದ ಹಾಗೇ ಇರ್ತದೆ. ಎಲುಬು ಗಟ್ಟಿಯಾಗುವುದು ಅದರ ಮೇಲೆ ಭಾರ ಬಿದ್ದಾಗ, ಅಂದರೆ ಬ್ಯಾಗಿಗೆ ಕಿಕ್ ಹೊಡೆದು ಹೊಡೆದು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಮೊದಲಿಗೆ ಒಂದೊಂದು ಕಾಲಿಗೆ 20–30 ಕಿಕ್, ಅರ್ಧ ಬಲದಲ್ಲಿ. ಹಳೆ ಬ್ಯಾಗಿನ ಬುಡಕ್ಕೆ ಮಾತ್ರ ಹೊಡೆಯಬೇಡಿ, ಒಳಗಿನ ಚಿಂದಿಯೆಲ್ಲ ಕೆಳಗೆ ಕೂತು ಕಲ್ಲಾಗಿರ್ತದೆ. ನಡುಭಾಗ ನೋಡಿ ಹೊಡೆಯಿರಿ.

ನೀಲಿಗಟ್ಟಿದ್ದು ತಾನಾಗಿ ಇಳೀತದೆ. ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು, ನಡೆಯುವಾಗಲೂ ರಾತ್ರಿಯೂ ಇದ್ದರೆ ಎಲುಬಲ್ಲಿ ಬಿರುಕು ಇರಬಹುದು. ಕಿಕ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಅಂಕೋಲೆಯವಳು: ಕಿಕ್ ತಾಗುವ ಜಾಗವನ್ನೂ ಹೇಳಿ. ಹೊಸಬರು ಪಾದದ ಮೇಲ್ಭಾಗದಿಂದ ಬಡಿದು ಪಾದ ಉಳುಕಿಸಿಕೊಳ್ತಾರೆ. ತಾಗಬೇಕಾದ್ದು ಶಿನ್ನಿನ ಕೆಳಗಿನ ಅರ್ಧ. ನೆಲದ ಮೇಲಿನ ಕಾಲು ಹಿಮ್ಮಡಿ ಎತ್ತಿ ತಿರುಗಬೇಕು, ಹಿಮ್ಮಡಿ ಬ್ಯಾಗಿನ ಕಡೆ ಬರಬೇಕು. ಅದು ತಿರುಗದೆ ಸೊಂಟ ಮಾತ್ರ ತಿರುಗಿದರೆ ಆ ತಿರುಚೆಲ್ಲ ಮೊಣಕಾಲಿಗೆ. ಬೆವರಿಗೆ ಪಾದ ಮ್ಯಾಟಿಗೆ ಅಂಟಿದಾಗ ಆಗುವುದು ಇದೇ.

ಶಿರಸಿ ಘಟ್ಟ: ಅದೆಲ್ಲ ಸರಿ. ತಿಂಗಳೊಳಗೆ ಸ್ಪಾರಿಂಗ್ ಮಾಡಿಸದ ಕ್ಲಾಸು ಏರೋಬಿಕ್ಸ್ ಕ್ಲಾಸೇ. ಪೆಟ್ಟು ಬರುವಾಗ ಕಣ್ಣು ಮುಚ್ಚದೆ ಇರಲಿಕ್ಕೆ ಬ್ಯಾಗು ಕಲಿಸುವುದಿಲ್ಲ.

ಪ್ಯಾಡ್ ಹಿಡಿಯುವವ: ಕೊನೆಯ ಮಾತು ಒಪ್ಪಿದೆ. ಅದಕ್ಕೆ ತಲೆಗೆ ಪೆಟ್ಟು ಬೇಕಿಲ್ಲವಲ್ಲ? ಎರಡನೇ ತಿಂಗಳಲ್ಲಿ ಬರೀ ತೀಪ್, ಅಂದರೆ ಪಾದದಿಂದ ತಳ್ಳುವ ಕಿಕ್ಕಿನ ಆಟ ಆಡಿಸಬಹುದು. ಕ್ಲಿಂಚೂ ಬೇಗ ಶುರು ಮಾಡಿಸಬಹುದು. ಕುತ್ತಿಗೆ ಹಿಡಿದು ತೂಕ ತಪ್ಪಿಸುವುದು, ಮಂಡಿ ಮೆಲ್ಲಗೆ ತಾಗಿಸುವುದು. ಹೊಸಬರಿಬ್ಬರನ್ನೇ ಮೊದಲ ವಾರ ರಿಂಗಿಗೆ ಬಿಟ್ಟರೆ ಹೆದರಿಕೆಗೆ ಇಬ್ಬರೂ ಪೂರ್ತಿ ಬಲ ಹಾಕ್ತಾರೆ. ಅಂಥ ಕಡೆ ದುಡ್ಡು ಕಟ್ಟಬೇಡಿ.

ಇನ್ನೊಂದು: ಬೋರ್ಡಲ್ಲಿ ಮುಯ್ ಥಾಯ್, ಒಳಗೆ ಕಿಕ್‌ಬಾಕ್ಸಿಂಗ್ ಇರುವುದೂ ಉಂಟು. ಮೊಣಕೈ, ಮಂಡಿ, ಕ್ಲಿಂಚ್ ಮೂರನ್ನೂ ಕಲಿಸ್ತಾರಾ ಅಂತ ಕೇಳಿ. ಒಂದು ಕ್ಲಾಸು ಬದಿಗೆ ಕೂತು ನೋಡಿದರೆ ಇನ್ನೂ ಒಳ್ಳೇದು.

ಅಂಕೋಲೆಯವಳು: ಕ್ಲಿಂಚ್ ಅಂದರೆ ಉಗುರು ಕತ್ತರಿಸಿರಬೇಕು. ಮಳೆಗಾಲದಲ್ಲಿ ಗಜಕರ್ಣ ಒಬ್ಬರಿಂದ ಇಡೀ ಬ್ಯಾಚಿಗೆ ಹರಡ್ತದೆ. ಉಂಗುರದ ಹಾಗೆ ಕೆಂಪು ಕಂಡರೆ ಗುಣವಾಗುವವರೆಗೆ ಜೋಡಿ ಅಭ್ಯಾಸ ಬಿಡಿ. ಗ್ಲೌಸಿಗೂ ನಮ್ಮ ಕರಾವಳಿಯ ತೇವಕ್ಕೆ ಎರಡೇ ದಿನದಲ್ಲಿ ಬೂಷ್ಟು. ಪಟ್ಟಿ ಪೂರ್ತಿ ಬಿಚ್ಚಿ, ಒಳಗೆ ಹಳೆ ಪೇಪರ್ ತುರುಕಿ, ಗಂಟೆ ಬಿಟ್ಟು ಬದಲಿಸಿ, ಮತ್ತೆ ಫ್ಯಾನಿನ ಕೆಳಗೆ. ಸ್ಕೂಟರ್ ಡಿಕ್ಕಿಯಲ್ಲಿ ರಾತ್ರಿ ಬಿಟ್ಟರೆ ಮುಗೀತು.

ಕೋಡಿಬಾಗ: ಟಾಗೋರ್ ಬೀಚಲ್ಲಿ ಬರಿಗಾಲಲ್ಲಿ ಓಡಿದರೆ ಸಾಕಲ್ಲ ದಮ್ಮಿಗೆ?

ಕುಮಟಾ ಫಿಸಿಯೋ: ಇಳಿತದ ಹೊತ್ತಿಗೆ, ಗಟ್ಟಿ ಹಸಿ ಮರಳಲ್ಲಿ ಓಡಿ. ಸಡಿಲ ಮರಳಲ್ಲಿ ಹಿಮ್ಮಡಿ ಹುಗಿದು ಮೀನಖಂಡ ಹಿಡಿದುಕೊಳ್ತದೆ. ದಂಡೆ ಸಮುದ್ರದ ಕಡೆ ವಾಲಿರ್ತದೆ, ಹೋದಷ್ಟೇ ದೂರ ಅದೇ ದಾರಿಯಲ್ಲಿ ವಾಪಸ್ ಬನ್ನಿ, ಇಲ್ಲದಿದ್ದರೆ ಒಂದೇ ಕಾಲಿಗೆ ಭಾರ. 15 ನಿಮಿಷ ಸಾಕು ಮೊದಲಿಗೆ.

ಕೋಡಿಬಾಗ: ಶಿನ್ ಗಾರ್ಡು ಮುಂದೆ ನೋಡ್ತೇನೆ ಹಾಗಾದ್ರೆ. ಸಾಕ್ಸಿನ ತರದ್ದಾ, ಪಟ್ಟಿಯದ್ದಾ?

ಪ್ಯಾಡ್ ಹಿಡಿಯುವವ: ಪಟ್ಟಿಯದ್ದು. ಸಾಕ್ಸಿನದ್ದು ಕದಲುವುದಿಲ್ಲ, ಆದರೆ ಪ್ಯಾಡು ತೆಳು. ಶಿನ್ನಿಗೆ ಶಿನ್ ಬಡಿದ ದಿನ ವ್ಯತ್ಯಾಸ ಗೊತ್ತಾಗ್ತದೆ. ಅಂಗಡಿಯಲ್ಲೇ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂತು ನೋಡಿ. ಮೇಲಿನ ಅಂಚು ಮೊಣಕಾಲಿಗೆ ಒತ್ತಿದರೆ ಒಂದು ಸೈಜ್ ಸಣ್ಣದು ಕೇಳಿ.